ಶರದೃತುವಿನ ತಾರಸಿ ತೋಟ: ಒಣನೆಲದ ಗಿಡಗಳು ಮತ್ತು ನಮ್ಮ ಆರೋಗ್ಯ

ಪುಣೆಗೆ ಬಂದು ನೆಲಸಿರುವ ಕನ್ನಡಿಗರಲ್ಲಿ ಬಹುಮಂದಿ ಮಣ್ಣಿನೊಡನೆ ಆಡಿ ಬೆಳೆದವರು. ಧಾರವಾಡದ ಹಿತ್ತಲು, ಬೆಳಗಾವಿಯ ಅಂಗಳ, ವಿಜಯಪುರದ ಹೊಲ, ಇವುಗಳಲ್ಲಿ ಯಾವುದಾದರೊಂದು ನಮ್ಮೆಲ್ಲರ ನೆನಪಿನಲ್ಲಿ ಇನ್ನೂ ಹಸಿರಾಗಿಯೇ ಇದೆ. ಇಲ್ಲಿ ನಮ್ಮ ಪಾಲಿಗೆ ದೊರೆತಿರುವುದಾದರೋ ಮೂರನೆಯ ಮಹಡಿಯ ಗ್ಯಾಲರಿ, ಇಲ್ಲವೇ ಸೊಸೈಟಿಯ ತಾರಸಿಯ ಒಂದು ಮೂಲೆ. ಆ ಮೂಲೆಯಲ್ಲಿ ನಾಲ್ಕು ಕುಂಡಗಳನ್ನಿಟ್ಟು ಹೂ ಬೆಳೆಸಬೇಕೆಂಬ ಆಸೆ ಪ್ರತಿವರ್ಷ ಮಳೆಗಾಲದಲ್ಲಿ ಚಿಗುರುತ್ತದೆ. ಅಕ್ಟೋಬರ್ ತಿಂಗಳಿನಲ್ಲಿ ಗಿಡಗಳೊಡನೆ ಅದೂ ಬಾಡುತ್ತದೆ. ಹೀಗೇಕೆ ಆಗುತ್ತದೆ, ಆಗದಂತೆ ಏನು ಮಾಡಬೇಕು, ಹಾಗೂ ಈ ತೋಟದಿಂದ ಮನೆಮಂದಿಯ ಆರೋಗ್ಯಕ್ಕೆ ಒಳಿತೇ ಆಗಬೇಕಾದರೆ ಯಾವ ಎಚ್ಚರ ಅಗತ್ಯ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಲೇಖಕನು ಸಸ್ಯಶಾಸ್ತ್ರಜ್ಞನಲ್ಲ, ವೈದ್ಯನೂ ಅಲ್ಲ. ವಾಣಿಜ್ಯ ಪದವೀಧರ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನು. ಆದರೆ ತಾನು ಕಳೆದುಕೊಂಡ ಗಿಡಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡವನು. ಆ ಲೆಕ್ಕವನ್ನೇ ಇಲ್ಲಿ ಓದುಗರ ಮುಂದಿಡಲಾಗಿದೆ.

ಮಳೆಯ ನೆರಳಿನ ಊರು

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಅರುವತ್ತು-ಎಪ್ಪತ್ತು ಕಿಲೋಮೀಟರ್ ದೂರದ ಲೋನಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೆ, ಪುಣೆಗೆ ದೊರೆಯುವುದು 700 ಮಿಲಿಮೀಟರಿನ ಆಸುಪಾಸು ಮಾತ್ರ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ಘಟ್ಟದ ಈಚೆಗೆ ಬರುವ ವೇಳೆಗೆ ಅವುಗಳಲ್ಲಿ ಉಳಿಯುವುದು ಅಲ್ಪ. ಆದ್ದರಿಂದ ಪುಣೆಯೂ ನಮ್ಮ ವಿಜಯಪುರ, ಬಾಗಲಕೋಟೆಗಳಂತೆ ಮಳೆಯ ನೆರಳಿನ ಸೀಮೆಗೇ ಸೇರಿದ್ದು. ಇದು ಮರುಭೂಮಿಯೇನೂ ಅಲ್ಲ. ಆದರೆ ಸಿಮೆಂಟಿನ ತಾರಸಿಯ ಮೇಲೆ, ಹತ್ತು ಅಂಗುಲದ ಕುಂಡದಲ್ಲಿ, ನಾಲ್ಕು ದಿಕ್ಕಿನ ಗಾಳಿಬಿಸಿಲಿಗೆ ಮೈಯೊಡ್ಡಿ ನಿಂತ ಗಿಡದ ಪಾಲಿಗೆ ಅದು ಮರುಭೂಮಿಯೇ ಸರಿ.

ಸೆಪ್ಟೆಂಬರ್ ಕೊನೆಯಿಂದ ಆಕಾಶ ತಿಳಿಯಾಗುತ್ತದೆ. ಮಧ್ಯಾಹ್ನದ ಉಷ್ಣತೆ 32-33 ಡಿಗ್ರಿಗೆ ಏರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮುಂಜಾವಿನಲ್ಲಿ 16-18 ಡಿಗ್ರಿಗೆ ಇಳಿಯುತ್ತದೆ. ಪುಣೆಯವರು ಇದನ್ನೇ 'ಅಕ್ಟೋಬರ್ ಹೀಟ್' ಎಂದು ಕರೆಯುತ್ತಾರೆ. ಮೋಡದ ಹೊದಿಕೆಯಿಲ್ಲದ್ದರಿಂದ ಹಗಲು ಕಾದ ನೆಲ ರಾತ್ರಿ ಬೇಗನೆ ತಣಿಯುವುದೇ ಈ ಅಂತರಕ್ಕೆ ಕಾರಣ. ಈ ವಿಷಯದ ಅಧ್ಯಯನದಲ್ಲಿ ನಮ್ಮ ಊರಿಗೆ ವಿಶೇಷ ಸ್ಥಾನವಿದೆ. 1928ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತು; ಶಿವಾಜಿನಗರದ ಆ ಕಟ್ಟಡಕ್ಕೆ ಜನ ಇಂದಿಗೂ 'ಸಿಮ್ಲಾ ಆಫೀಸ್' ಎಂದೇ ಹೇಳುತ್ತಾರೆ. 1932ರಲ್ಲಿ ಇಲ್ಲಿ ಆರಂಭವಾದ ಕೃಷಿ ಹವಾಮಾನ ವಿಭಾಗದ ಹೊಣೆ ಹೊತ್ತ ಎಲ್. ಎ. ರಾಮದಾಸ್ ಅವರು, ಗಾಳಿಯಿಲ್ಲದ ತಿಳಿಯಾದ ರಾತ್ರಿಗಳಲ್ಲಿ ಅತ್ಯಂತ ತಂಪಾದ ಗಾಳಿಯ ಪದರವು ನೆಲಕ್ಕೆ ತಾಗಿರದೆ ಅದಕ್ಕಿಂತ ತುಸು ಮೇಲಿರುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಅಂದರೆ ಎಳೆಯ ಗಿಡದ ತುದಿಗಿರುವ ಹವೆಯೂ ಅದರ ಬುಡಕ್ಕಿರುವ ಹವೆಯೂ ಒಂದೇ ಅಲ್ಲವೆಂದಾಯಿತು.

ಮನುಷ್ಯನ ಮೇಲೂ ಈ ಕಾಲದ ಪ್ರಭಾವವುಂಟು. ಮಳೆಗಾಲದಲ್ಲಿ ಶೇಖರವಾದ ಪಿತ್ತವು ಶರತ್ಕಾಲದ ಬಿಸಿಲಿಗೆ ಕೆರಳುತ್ತದೆಂದೂ, ಆಗ ಹಗಲಿನ ಬಿಸಿಲನ್ನು ತಪ್ಪಿಸಿ ಸಂಜೆಯ ಬೆಳದಿಂಗಳನ್ನು ಸೇವಿಸಬೇಕೆಂದೂ ಚರಕಸಂಹಿತೆಯ ಋತುಚರ್ಯೆಯ ಭಾಗ ಹೇಳುತ್ತದೆ. ತೋಟದ ಕೆಲಸಕ್ಕೆ ಇದಕ್ಕಿಂತ ಉತ್ತಮ ವೇಳಾಪಟ್ಟಿ ಬೇರೊಂದಿಲ್ಲ: ಬೆಳಗಿನ ಎಂಟರೊಳಗೆ, ಇಲ್ಲವೇ ಸಂಜೆ ಐದರ ನಂತರ.

ಮೊದಲ ವರ್ಷದ ನಷ್ಟ

ನಾನು ವರ್ಗವಾಗಿ ಪುಣೆಗೆ ಬಂದದ್ದು 2017ರಲ್ಲಿ. ಮರುವರ್ಷದ ಮಳೆಗಾಲದಲ್ಲಿ ಹನ್ನೆರಡು ಗಿಡಗಳನ್ನು ಕೊಂಡು ತಂದೆ. ನದಿಯ ಬದಿಯ ಕಪ್ಪು ಮಣ್ಣನ್ನು, 'ನಮ್ಮ ಊರಿನ ಎರೆಮಣ್ಣಿನಂತೆಯೇ ಇದೆಯಲ್ಲ' ಎಂಬ ಅಭಿಮಾನದಿಂದ, ಕುಂಡಗಳಿಗೆ ತುಂಬಿದೆ. ಅಕ್ಟೋಬರ್ ಬಿಸಿಲು ಕಂಡೊಡನೆ ಗಾಬರಿಯಾಗಿ ದಿನಕ್ಕೆ ಎರಡು ಬಾರಿ ನೀರು ಹಾಕಿದೆ. ದೀಪಾವಳಿಯ ವೇಳೆಗೆ ಉಳಿದವು ಮೂರು.

ಕಾರಣ ಅನಂತರ ತಿಳಿಯಿತು. ಎರೆಮಣ್ಣು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಇದು ಗುಣವೇ. ಹಿಂಗಾರಿನ ಬಿಳಿಜೋಳ ಬೆಳೆಯುವುದೇ ಆ ಮಣ್ಣು ಹಿಡಿದಿಟ್ಟ ತೇವದಿಂದ. ಆದರೆ ಕುಂಡದಲ್ಲಿ ಅದು ಕುಗ್ಗಿದಾಗ ಅಂಚಿನ ಸುತ್ತ ಸಂದು ಬೀಳುತ್ತದೆ. ಹಾಕಿದ ನೀರು ಆ ಸಂದಿನಿಂದಲೇ ಹರಿದು ತಳದ ರಂಧ್ರದಿಂದ ಹೊರಬೀಳುತ್ತದೆ. ನಡುವಿನ ಬೇರುಗಳು ಬಾಯಾರಿಯೇ ಇರುತ್ತವೆ. ಇತ್ತ ಕಳ್ಳಿಯ ಜಾತಿಯ ಗಿಡಗಳಿಗೆ ಅದೇ ಮಣ್ಣಿನ ನಿತ್ಯದ ತೇವ ಬೇರುಕೊಳೆ ತಂದಿತು. ಒಂದೇ ತಾರಸಿಯಲ್ಲಿ ಕೆಲವು ಗಿಡಗಳು ನೀರಿಲ್ಲದೆ, ಕೆಲವು ನೀರು ಹೆಚ್ಚಾಗಿ ಸತ್ತವು.

2019ರಲ್ಲಿ ಕಾರಹುಣ್ಣಿಮೆ ಮುಗಿಸಿಕೊಂಡು ನಮ್ಮ ಅವ್ವ ಊರಿನಿಂದ ಬಂದಳು. ಎರಡು ತಿಂಗಳಿಗೆಂದು ಬಂದವಳ ಚೀಲ ಬಿಚ್ಚದೆ ಮಂಚದ ಕೆಳಗೇ ಇತ್ತು. ಲಿಫ್ಟು, ಮುಚ್ಚಿದ ಬಾಗಿಲುಗಳು, ತಿಳಿಯದ ಮರಾಠಿ, ಇವುಗಳ ನಡುವೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ತಾರಸಿಗೆ ಬಂದವಳು ಖಾಲಿ ಕುಂಡಗಳ ಸಾಲನ್ನು ನೋಡಿ, "ಏನಪಾ ತಮ್ಮಾ, ನೀರ ಕುಡಿಸಿ ಕುಡಿಸಿ ಗಿಡಾ ಕೊಂದಿಯಲ್ಲೋ" ಎಂದಳು. ಅಂದು ಸಂಜೆಯೇ ಚೀಲ ಬಿಚ್ಚಿದಳು. ಅದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇವಂತಿಗೆಯ ಮರಿಗಳಿದ್ದವು. ದಾರಿಯಲ್ಲಿ ಅರ್ಧಕ್ಕರ್ಧ ಬಾಡಿದ್ದರೂ ಐದು ಚಿಗುರಿದವು. ಹೂವಾಗುವವರೆಗೆ ಊರಿಗೆ ಹೋಗುವುದಿಲ್ಲವೆಂದು ಅವಳೇ ನಿರ್ಧರಿಸಿದಳು.

ಮಣ್ಣು ಮತ್ತು ನೀರಿನ ಲೆಕ್ಕ

ಸಾಧಾರಣ ಹೂಗಿಡಗಳಿಗೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಒಣನೆಲದ ಗಿಡಗಳಿಗೆ ಅರ್ಧಕ್ಕರ್ಧ ಮರಳು ಅಥವಾ ಸಣ್ಣ ಮೊರಮು ಇರಬೇಕು. ಮೊರಮು ಈ ಸೀಮೆಯ ಕರಿಕಲ್ಲೇ ಸವೆದು ಆದದ್ದು. ಪುಣೆಯಲ್ಲಿ ಸುಲಭವಾಗಿ ದೊರೆಯುತ್ತದೆ. ತಳದ ರಂಧ್ರದ ಮೇಲೆ ಹೆಂಚಿನ ಚೂರನ್ನು ಕವುಚಿ ಇಟ್ಟರೆ ಮಣ್ಣು ಹೋಗದೆ ನೀರು ಮಾತ್ರ ಇಳಿಯುತ್ತದೆ. ಒದ್ದೆ ಮಣ್ಣು ತುಂಬಿದ ಹತ್ತು ಅಂಗುಲದ ಒಂದು ಕುಂಡ 12ರಿಂದ 15 ಕಿಲೋ ತೂಗುತ್ತದೆಂಬುದನ್ನು ನೆನಪಿಟ್ಟು, ಕುಂಡಗಳನ್ನು ತಾರಸಿಯ ನಡುವೆ ಗುಂಪುಗೂಡಿಸದೆ ಕೆಳಗೆ ಗೋಡೆ ಅಥವಾ ತೊಲೆಯಿರುವ ಅಂಚಿನಲ್ಲಿ ಸಾಲಾಗಿ ಇಡಬೇಕು. ಬೆನ್ನುನೋವಿದ್ದವರು ಅವನ್ನು ಒಬ್ಬರೇ ಎತ್ತಬಾರದು.

ನೀರು ಹಾಕುವ ಮುನ್ನ ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನಷ್ಟು ಇಳಿಸಿ ನೋಡಬೇಕು. ತೇವ ತಾಗಿದರೆ ಅಂದು ನೀರು ಬೇಡ. ಹಾಕಿದಾಗ ತಳದಿಂದ ಹೊರಬರುವಷ್ಟು ಹಾಕಬೇಕು. ಮತ್ತೆ ಒಣಗುವವರೆಗೆ ಕಾಯಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಒಣನೆಲದ ಗಿಡದ ನೀರು ಚಾಲ್ತಿ ಖಾತೆಯಲ್ಲ, ಮುದ್ದತಿನ ಠೇವಣಿ. ದಿನವೂ ಕೈಹಾಕಿದರೆ ನಷ್ಟವೇ.

ಒಣ ತಾರಸಿಗೆ ಒಗ್ಗುವ ಗಿಡಗಳು

ಮರಳುಗಾಡಿನ ಅನೇಕ ಗಿಡಗಳು ಹಗಲಿನ ಬಿಸಿಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಆಗ ಒಳತೆಗೆದುಕೊಂಡ ಇಂಗಾಲದ ಡೈ ಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲಿನಲ್ಲಿ ಬಳಸುತ್ತವೆ. ಹೀಗಾಗಿ ಅವುಗಳ ನೀರಿನ ಖರ್ಚು ಬಹಳ ಕಡಿಮೆ. ಲೋಳೆಸರ, ಭೂತಾಳೆ, ಪಾಪಾಸುಕಳ್ಳಿ, ಕಾಡುಬಸಳೆ, ಇವು ಈ ಗುಂಪಿನವು. ಹತ್ತು ದಿನ ರಜೆಯ ಮೇಲೆ ಊರಿಗೆ ಹೋಗಿಬರುವವರಿಗೆ ಇವೇ ತಕ್ಕ ಸಂಗಾತಿಗಳು.

ಹೂವಿಗಾಗಿ ಬೆಳೆಸುವವರಿಗೆ ಕಾಗದದ ಹೂವಿನ ಬಳ್ಳಿ ಮೊದಲನೆಯದು. ದಕ್ಷಿಣ ಅಮೆರಿಕದ ಈ ಬಳ್ಳಿಯಲ್ಲಿ ನಾವು ಹೂವೆನ್ನುವುದು ಬಣ್ಣದ ಎಲೆಗಳನ್ನು. ನಿಜವಾದ ಹೂ ಅವುಗಳ ನಡುವಿನ ಸಣ್ಣ ಬಿಳಿಯ ಕೊಳವೆ. ಮಳೆ ನಿಂತ ಮೇಲೆ ಸವರಿ, ನೀರನ್ನು ತುಸು ಬಿಗಿಹಿಡಿದರೆ ಬಳ್ಳಿಯ ತುಂಬ ಬಣ್ಣ ಬರುತ್ತದೆ. ಅತಿ ಉಪಚಾರ ಮಾಡಿದರೆ ಎಲೆ ಮಾತ್ರ ಬೆಳೆಯುತ್ತದೆ. ಪೂರ್ವ ಆಫ್ರಿಕ ಹಾಗೂ ಅರೇಬಿಯಾ ಮೂಲದ ಅಡೀನಿಯಂ, ಅಂದರೆ ಮರುಭೂಮಿಯ ಗುಲಾಬಿ, ತನ್ನ ದಪ್ಪ ಬುಡದಲ್ಲಿಯೇ ನೀರು ಕೂಡಿಡುತ್ತದೆ. ಮಳೆಗಾಲದಲ್ಲಿ ಅದನ್ನು ಸೂರಿನ ಕೆಳಗಿಟ್ಟು, ಶರದೃತುವಿನಲ್ಲಿ ಬಿಸಿಲಿಗೆ ತರಬೇಕು. ಹತ್ತು ಗಂಟೆಯ ಹೂ ನೆಲಕ್ಕೆ ಹರಡುವ ಪುಟ್ಟ ಗಿಡ. ಬಿಸಿಲೇರಿದಂತೆ, ಹೆಚ್ಚುಕಡಿಮೆ ನಮ್ಮ ಬ್ಯಾಂಕಿನ ಕೌಂಟರು ತೆರೆಯುವ ಹೊತ್ತಿಗೆ, ಅರಳುತ್ತದೆ. ನಿತ್ಯಪುಷ್ಪ ಎಂಥ ಬಿಸಿಲಿಗೂ ಅಂಜುವುದಿಲ್ಲ.

ಇವುಗಳನ್ನೆಲ್ಲ ಒಂದೆಡೆ ನೋಡಬಯಸುವವರು ಜನವರಿಯ ಗಣರಾಜ್ಯೋತ್ಸವದ ಸುಮಾರಿಗೆ ಎಂಪ್ರೆಸ್ ಗಾರ್ಡನ್ನಿನಲ್ಲಿ ನಡೆಯುವ ಪುಷ್ಪಪ್ರದರ್ಶನಕ್ಕೆ ಹೋಗಬಹುದು. ಬೆಂಗಳೂರಿನ ಲಾಲ್‌ಬಾಗ್ ಕಂಡವರಿಗೆ ಅದು ಮನೆಯ ನೆನಪು ತರುತ್ತದೆ.

ಸೇವಂತಿಗೆ ಮತ್ತು ಬೀದಿದೀಪ

ಅವ್ವ ತಂದ ಐದು ಸೇವಂತಿಗೆಗಳಲ್ಲಿ ಮೂರನ್ನು ಹಿಂದಿನ ಗೋಡೆಯ ಬಳಿ, ಎರಡನ್ನು ರಸ್ತೆಯ ಕಡೆಯ ಗ್ಯಾಲರಿಯಲ್ಲಿ ಇಟ್ಟಿದ್ದೆವು. ಹಿಂದಿನವು ದೀಪಾವಳಿಯ ಸುಮಾರಿಗೆ ಮೊಗ್ಗು ಹಿಡಿದವು; ಮುಂದಿನವು ಸೊಂಪಾಗಿ ಬೆಳೆದರೂ ಮೊಗ್ಗಿಲ್ಲ. ಮಣ್ಣು ಒಂದೇ, ಗೊಬ್ಬರ ಒಂದೇ. ವ್ಯತ್ಯಾಸವಿದ್ದದ್ದು ಬೀದಿದೀಪದ್ದು. ಸೆಪ್ಟೆಂಬರ್ 23ರ ಸುಮಾರಿಗೆ ಹಗಲು ಇರುಳುಗಳು ಸಮನಾಗಿ, ಆಮೇಲೆ ಇರುಳು ಬೆಳೆಯುತ್ತ ಹೋಗುತ್ತದೆ. ಈ ದೀರ್ಘವಾದ ಕತ್ತಲೆಯೇ ಸೇವಂತಿಗೆಗೆ ಹೂಬಿಡುವ ಸೂಚನೆ. ಇರುಳಿನಲ್ಲಿ ಬೆಳಕು ಬೀಳುತ್ತಿದ್ದರೆ ಗಿಡಕ್ಕೆ ಇನ್ನೂ ಬೇಸಗೆಯೇ ಎಂಬ ಭ್ರಮೆ. ಕುಂಡಗಳನ್ನು ಕತ್ತಲೆಯ ಮೂಲೆಗೆ ಸರಿಸಿದ ಮೇಲೆ ಅವೂ ಮೊಗ್ಗು ಬಿಟ್ಟವು. ಮನುಷ್ಯನಿಗೂ ಕತ್ತಲೆಯ ನಿದ್ರೆ ಎಷ್ಟು ಮುಖ್ಯವೆಂದು ವೈದ್ಯರು ಹೇಳುತ್ತಾರಷ್ಟೆ; ಅದನ್ನು ಈ ಗಿಡ ನಮಗೆ ಕಣ್ಣಾರೆ ತೋರಿಸಿತು.

ಕುಂಡದ ಕೆಳಗಿನ ತಟ್ಟೆ

ಆದರೆ ಆ ಹೂಗಳನ್ನು ನೋಡುವ ಮುನ್ನ ನಮ್ಮ ಮನೆ ಒಂದು ಕಂಟಕವನ್ನು ದಾಟಬೇಕಾಯಿತು. ಕೆಳಮನೆಯವರ ಒಣಬಟ್ಟೆಗಳ ಮೇಲೆ ನೀರು ತೊಟ್ಟಿಕ್ಕುತ್ತದೆಂಬ ದೂರು ಬಂದುದರಿಂದ ನಾನು ಗ್ಯಾಲರಿಯ ಎಲ್ಲ ಕುಂಡಗಳ ಕೆಳಗೂ ಪ್ಲಾಸ್ಟಿಕ್ ತಟ್ಟೆಗಳನ್ನು ಇಟ್ಟಿದ್ದೆ. 2019ರಲ್ಲಿ ಮಳೆ ಬಹಳ ತಡವಾಗಿ ಮುಗಿಯಿತು. ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಹಳ್ಳ ಉಕ್ಕಿ ನಗರದ ದಕ್ಷಿಣ ಭಾಗದಲ್ಲಿ ಜೀವಹಾನಿಯಾದದ್ದು ಓದುಗರಿಗೆ ನೆನಪಿರಬಹುದು. ಆ ವರ್ಷ ಮುಂಗಾರು ದೇಶದಿಂದ ಹಿಮ್ಮೆಟ್ಟಲು ಆರಂಭಿಸಿದ್ದೇ ಅಕ್ಟೋಬರ್ 9ರಂದು. ತಟ್ಟೆಗಳು ತುಂಬಿಯೇ ಇದ್ದವು, ನಾನು ಗಮನಿಸಲಿಲ್ಲ.

ವಿಜಯದಶಮಿಯ ಮರುದಿನ ಒಂಬತ್ತು ವರ್ಷದ ಮಗಳಿಗೆ ಜ್ವರ ಬಂದಿತು. ಡೆಂಗಿ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಐದನೆಯ ದಿನ ಜ್ವರ ಇಳಿದಾಗ ನಾವು ಸಮಾಧಾನಪಟ್ಟೆವು. ಆದರೆ ಅದೇ ಹೊತ್ತಿಗೆ ಹೊಟ್ಟೆನೋವು, ವಾಂತಿ ಆರಂಭವಾದವು. ಆಸ್ಪತ್ರೆಗೆ ಸೇರಿಸಿದೆವು. ಊರೆಲ್ಲ ಕೋಜಾಗಿರಿ ಹುಣ್ಣಿಮೆಯ ಹಾಲು ಕುಡಿಯುತ್ತಿದ್ದ ಆ ರಾತ್ರಿ ನಾನೂ ಪತ್ನಿಯೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಿದ್ದೆವು. ದೈವಕೃಪೆಯಿಂದ ಮಗು ಗುಣವಾಯಿತು. ಆಮೇಲೆ ಪಾಲಿಕೆಯ ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಟಾರ್ಚಿನ ಬೆಳಕಿನಲ್ಲಿ ತಟ್ಟೆಯೊಳಗೆ ಕುಣಿಯುತ್ತಿದ್ದ ಮರಿಹುಳುಗಳನ್ನು ತೋರಿಸಿದರು. ತಟ್ಟೆ ನಾನೇ ಇಟ್ಟದ್ದು.

ಪತ್ನಿ ಎಲ್ಲ ಗಿಡಗಳನ್ನೂ ತೆಗೆದುಹಾಕಬೇಕೆಂದಳು. ತಪ್ಪೆನ್ನಲು ನನಗೆ ಬಾಯಿರಲಿಲ್ಲ. ಆಗ ಅವ್ವ, "ತಟ್ಟಿ ತಗದ ಒಗಿ. ಗಿಡಾ ಯಾಕ ಒಗೀತೀ?" ಎಂದಳು. ಅಂದಿನಿಂದ ನಮ್ಮಲ್ಲಿ ತಟ್ಟೆಗಳಿಲ್ಲ. ಗ್ಯಾಲರಿಯ ಕುಂಡಗಳೆಲ್ಲ ತಾರಸಿಗೆ ಹೋದವು. ಪ್ರತಿಯೊಂದೂ ಎರಡು ಇಟ್ಟಿಗೆಗಳ ಮೇಲೆ ನಿಂತಿದೆ.

ಓದುಗರು ಈ ಅಂಶಗಳನ್ನು ನೆನಪಿಡಬೇಕೆಂದು ಪ್ರಾರ್ಥನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯದಲ್ಲ. ಮನೆಯ ಸುತ್ತಲಿನ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಕಚ್ಚುವುದು ಹಗಲಿನಲ್ಲಿ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುನ್ನ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನೆಲ್ಲ ಬರಿದುಮಾಡಲೇಬೇಕು. ಮೊಟ್ಟೆಗಳು ಒಣಗಿದ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರಬಲ್ಲವು; ಆದ್ದರಿಂದ ಚೆಲ್ಲಿದರೆ ಸಾಲದು, ನಾರಿನಿಂದ ಉಜ್ಜಿ ತೊಳೆಯಬೇಕು. ಜ್ವರವಿದ್ದಾಗ ಆಸ್ಪಿರಿನ್, ಐಬುಪ್ರೊಫೇನ್ ಮುಂತಾದ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಅತಿಯಾದ ಆಯಾಸ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಲು, ಮುಳ್ಳು ಮತ್ತು ಕಳೆ

ಒಣನೆಲದ ಗಿಡಗಳಲ್ಲಿ ಹಲವು ತಮ್ಮ ರಕ್ಷಣೆಗೆ ವಿಷವನ್ನೋ ಮುಳ್ಳನ್ನೋ ಇಟ್ಟುಕೊಂಡಿರುತ್ತವೆ. ಕಣಗಿಲೆ ಹಾಗೂ ಅಡೀನಿಯಂ ಗಿಡಗಳ ಎಲ್ಲ ಭಾಗಗಳಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವುಂಟು. ಪೂಜೆಗೆ ಕಣಗಿಲೆಯ ಹೂ ಕಿತ್ತ ಮೇಲೆ ಕೈತೊಳೆಯುವುದನ್ನು ಮಕ್ಕಳಿಗೆ ಕಲಿಸಬೇಕು. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಕಾಲುಗಂಟೆಯಾದರೂ ಶುದ್ಧ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ದೊರೆಯುತ್ತವೆ ಎಂಬುದು ನಿಜ. ಆದರೆ ಅಷ್ಟು ಪ್ರಬಲವಾದ ಗಿಡದ ಎಲೆಗಳನ್ನು ಸಕ್ಕರೆ ಕಾಯಿಲೆಗೆಂದು ಮನೆಯಲ್ಲಿ ಜಗಿಯುವುದು ಅವಿವೇಕ. ಮುಳ್ಳು ಚುಚ್ಚಿದ ಗಾಯಕ್ಕೆ ಮಣ್ಣು ತಾಗಿದರೆ ಧನುರ್ವಾಯುವಿನ ಭಯವಿರುವುದರಿಂದ, ಚುಚ್ಚುಮದ್ದಿನ ಅವಧಿ ಮೀರಿದವರು ವೈದ್ಯರನ್ನು ಕಾಣಬೇಕು.

ಮಳೆ ಮುಗಿದ ಮೇಲೆ ಖಾಲಿ ನಿವೇಶನಗಳಲ್ಲಿ ಸಣ್ಣ ಬಿಳಿಯ ಹೂ ಬಿಡುವ ಪಾರ್ಥೇನಿಯಂ ಕಳೆಯನ್ನು ಎಲ್ಲರೂ ನೋಡಿದ್ದೇವೆ. ಪುಣೆಯವರು ಅದನ್ನು 'ಗಾಜರ್ ಗವತ್' ಎಂದರೆ ನಾವು ಕಾಂಗ್ರೆಸ್ ಗಿಡ ಎನ್ನುತ್ತೇವೆ. ಅಮೆರಿಕ ಖಂಡದ ಈ ಕಳೆ ಭಾರತದಲ್ಲಿ ಮೊದಲು ವಿದ್ವಾಂಸರ ಗಮನ ಸೆಳೆದದ್ದು 1955ರ ಸುಮಾರಿಗೆ ಪುಣೆಯಲ್ಲಿಯೇ. ಅದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಮೊದಲು ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಈ ಗಿಡದ ಸೋಂಕಿನಿಂದ ಚರ್ಮದ ಉರಿತುರಿ, ಪರಾಗದಿಂದ ಸೀನು, ಉಬ್ಬಸ ಬರಬಹುದು. ಕುಂಡದಲ್ಲಿ ಕಂಡರೆ ಹೂಬಿಡುವ ಮುನ್ನವೇ, ಮಣ್ಣು ಒದ್ದೆಯಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು.

ಬನ್ನಿ, ಹುಣ್ಣಿಮೆ ಮತ್ತು ಚರಗ

ದಸರೆಯಲ್ಲಿ ನಾವು ಹಂಚುವ ಬನ್ನಿಯ ಮರವೂ ಒಣನೆಲದ ಮಗುವೇ. ಥಾರ್ ಮರುಭೂಮಿಯಲ್ಲಿ 'ಖೇಜಡಿ' ಎನಿಸಿಕೊಂಡು ರಾಜಸ್ಥಾನದ ರಾಜ್ಯವೃಕ್ಷವಾಗಿರುವುದು ಇದೇ. ಮೇಲೆ ನೀರಿಲ್ಲದಾಗ ಅದು ಬೇರನ್ನು ಆಳಕ್ಕೆ ಇಳಿಸುತ್ತದೆ. ಪುಣೆಯ ನೆರೆಹೊರೆಯವರು ಅದೇ ದಿನ ಆಪಟೆಯ ಎಲೆಗಳನ್ನು ಬಂಗಾರವೆಂದು ಕೊಡುತ್ತಾರೆ. ಎಲೆ ಬೇರೆ, ಹಾರೈಕೆ ಒಂದೇ.

ಎರಡು ತಿಂಗಳಿಗೆಂದು ಬಂದ ಅವ್ವ ಈಗಲೂ ನಮ್ಮೊಡನಿದ್ದಾಳೆ. ಬೇಸಗೆಯಲ್ಲಿ ಊರಿಗೆ ಹೋದರೂ ಕಾರಹುಣ್ಣಿಮೆಯ ಹೊತ್ತಿಗೆ ಸೇವಂತಿಗೆಯ ಮರಿ ನೆಡಲು ಮರಳುತ್ತಾಳೆ. ಆ ಐದು ಗಿಡಗಳ ಮರಿಗಳು ಇಂದು ನಮ್ಮ ಕಟ್ಟಡದ ಎಂಟು ಮನೆಗಳಲ್ಲಿವೆ. ಅವುಗಳ ನೆವದಿಂದಲೇ ಅವಳ ಮರಾಠಿಯೂ ಆ ಮನೆಯವರ ಕನ್ನಡವೂ ತಕ್ಕಮಟ್ಟಿಗೆ ಬೆಳೆದಿವೆ. ಪ್ರತಿ ಭಾನುವಾರ ಬೆಳಿಗ್ಗೆ ಮಗಳು ಟಾರ್ಚು ಹಿಡಿದು ಇಟ್ಟಿಗೆಗಳ ಸಂದಿನಲ್ಲಿ ನೀರು ನಿಂತಿದೆಯೇ ಎಂದು ನೋಡಿಬರುತ್ತಾಳೆ. ಆ ಕೆಲಸವನ್ನು ಅವಳಿಗೆ ಯಾರೂ ಹೇಳಲಿಲ್ಲ.

ಪುಣೆಯವರ ಕೋಜಾಗಿರಿಯೂ ನಮ್ಮ ಸೀಗಿ ಹುಣ್ಣಿಮೆಯೂ ಒಂದೇ ದಿನ. ಆ ರಾತ್ರಿ ನೆರೆಮನೆಯವರು ಕೇಸರಿ, ಬಾದಾಮಿ ಹಾಕಿದ ಹಾಲನ್ನು ತಾರಸಿಗೆ ತಂದು ಬೆಳದಿಂಗಳಿನಲ್ಲಿ ಎಲ್ಲರಿಗೂ ಕೊಡುತ್ತಾರೆ. ಅವ್ವ ಸಂಜೆಯೇ ಒಂದು ಹಿಡಿ ಕಡುಬು, ಕಾಳಿನ ಪಲ್ಯಗಳನ್ನು ಕಲಸಿಕೊಂಡು ಬಂದು, ಊರಿನ ಹೊಲದಲ್ಲಿ ಚೆಲ್ಲುವಂತೆಯೇ, ಒಂದೊಂದು ಕುಂಡಕ್ಕೂ ಒಂದೊಂದು ಚಿಟಿಕೆ ಚರಗ ಚೆಲ್ಲುತ್ತಾಳೆ. ಇರುವೆ ಬರುತ್ತದೆಂದು ನಾನು ಒಮ್ಮೆ ಹೇಳಿದೆ. "ಬರಲಿ ಬಿಡು, ಅವಕ್ಕೂ ಹಬ್ಬ ಐತಿ" ಎಂದಳು.